ನೀಲಿ ಫೇಸ್ ಹೋದ ಸಂಜೆ

ಮಾನ್ವಿ ಊರಿನ ನಮ್ಮ ಮನೆಗೆ ಅಂತ ಬೇರೆ ಬಾಗಿಲು ಇರಲಿಲ್ಲ. ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿಯ ಶಟರ್ ದಾಟಿ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ನಡುವೆ ಕಾಲು ಜೋಪಾನ ಮಾಡಿಕೊಂಡು ಹೋದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು ಮತ್ತು ಒಂದು ಬೇವಿನ ಗಿಡ. ಬೀಗರಿಗೂ ಗಿರಾಕಿಗಳಿಗೂ ಒಂದೇ ದಾರಿ. ಸುತ್ತಿದ ತಂತಿಗೆ ಬಳಿಯುವ ವಾರ್ನಿಷಿನ ವಾಸನೆ ಹಾಸಿಗೆಗೆ, ಬಟ್ಟೆಗೆ, ಅವ್ವನ ಜೋಳದ ರೊಟ್ಟಿಗೂ ಹತ್ತಿತ್ತು. ಚಿಕ್ಕವಳಿದ್ದಾಗ ದೇವದುರ್ಗದ ಅತ್ತೆಯ ಮನೆಯಲ್ಲಿ ಉಣ್ಣಲು ಕೂತಾಗ, ಇವರು ರೊಟ್ಟಿಗೆ ಏನೋ ಹಾಕುವುದು ಮರೆತಿದ್ದಾರೆ ಅಂತ ನನಗೆ ಅನಿಸಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿ ಬೈಸಿಕೊಂಡೂ ಇದ್ದೆ. ಅಪ್ಪ ಹುಲಿಗೆಪ್ಪ, ಅವ್ವ, ನಾನು ಸುಜಾತಾ. ಮೂರೇ ಜನರ ಮನೆ. ಮೂರು ಜನರಲ್ಲಿ ಒಬ್ಬರನ್ನು ಕಳೆದುಕೊಳ್ಳುವುದು ಎಷ್ಟು ಸುಲಭ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅಂಗಡಿಗೂ ನಡುಮನೆಗೂ ನಡುವಿನ ಗೋಡೆಯ ಮೇಲೆ ಒಂದು ಮರದ ಹಲಗೆ, ಹಲಗೆಯ ಮೇಲೆ ಪಿಂಗಾಣಿಯ ಮೂರು ಫ್ಯೂಸು. ಓಣಿಯ ಮನೆಗಳಿಗೆಲ್ಲ ಒಂದೊಂದು ಫೇಸಿನ, ಅಂದರೆ ಒಂದೊಂದೇ ಲೈನಿನ ಕರೆಂಟು ಬಂದರೆ, ಮೋಟಾರು ಓಡಿಸಿ ನೋಡಬೇಕಾದ ನಮಗೆ ಮೂರು ಫೇಸು. ಅಪ್ಪ ಫ್ಯೂಸುಗಳ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ ಬೊಟ್ಟು ಇಟ್ಟಿದ್ದ. ದಿನಾ ಸಂಜೆ ಕೈಯನ್ನು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ತೊಳೆದು, ವೈರು ಜೋತುಬಿದ್ದ ಒಂದು ಟೆಸ್ಟ್ ಬಲ್ಬನ್ನು ಮೂರಕ್ಕೂ ಮುಟ್ಟಿಸಿ, ಕೆಂಪು ಅದ, ಹಳದಿ ಅದ, ನೀಲಿ ಅದ ಎಂದು ಜೋರಾಗಿ ಹೇಳುತ್ತಿದ್ದ. ಅದಾದ ಮೇಲೇ ಗೋಡೆಯ ಮೇಲಿನ ಬುದ್ಧನ ಫೋಟೋಕ್ಕೆ ಊದಿನಕಡ್ಡಿ. ನಿಮ್ಮಪ್ಪ ಬುದ್ಧನಿಗಿಂತ ಮೊದಲು ಕರೆಂಟಿನ ಕ್ಷೇಮ ಕೇಳುತ್ತಾನೆ ಅಂತ ಅವ್ವ ಆಡಿಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ಮೂರರಲ್ಲಿ ಯಾವುದಾದರೊಂದು ಫೇಸು ಹೋಗುವುದು ನಮ್ಮೂರಿನಲ್ಲಿ ದಿನದ ಮಾತು. ಆಗ ಅಂಗಡಿಗಳವರು ಒಂದು ಉಪಾಯ ಮಾಡುತ್ತಿದ್ದರು. ಬೋಳು ತುದಿಯ ಒಂದು ಗೇಣುದ್ದದ ತಂತಿ, ಅದೇ ಜಂಪರ್. ಇದ್ದ ಫೇಸಿನಿಂದ ಹೋದ ಫೇಸಿಗೆ ಅದನ್ನು ಸಿಕ್ಕಿಸಿದರೆ ಸತ್ತ ಲೈನಿನ ಬಲ್ಬು, ಫ್ಯಾನು ಮತ್ತೆ ಜೀವ ಹಿಡಿಯುತ್ತವೆ. ಮಾಡಬಾರದ ಕೆಲಸ, ಆದರೆ ಮಾಡದವರು ಇರಲಿಲ್ಲ. ಅಪ್ಪನೂ ಮಾಡುತ್ತಿದ್ದ, ಆದರೆ ಅದಕ್ಕೊಂದು ಕಟ್ಟುನಿಟ್ಟು ಇತ್ತು. ಹೋದ ಫೇಸಿನ ಫ್ಯೂಸನ್ನು ಮೊದಲು ಕಿತ್ತು ಕೆಳಗಿಡಬೇಕು. ಕೀಳದೆ ಜಂಪರ್ ಹಾಕಿದರೆ ನಮ್ಮ ಕರೆಂಟು ಹಿಂದಕ್ಕೆ ಹರಿದು ಕಂಬ ಹತ್ತುತ್ತದೆ. ನಾನು ಮಗ್ಗಿ ಕಲಿಯುವ ಮೊದಲೇ ಈ ಪಾಠ ಕಲಿತಿದ್ದೆ.

“ಮೊದಲು ಫ್ಯೂಸ್ ಕೀಳು, ಆಮ್ಯಾಲ ಜಂಪರ್. ಕಂಬದ ಮ್ಯಾಲ ಒಬ್ಬ ಮನಷ್ಯಾ ಇರ್ತಾನ. ಅವಂಗೂ ಹೆಂಡ್ತಿ ಮಕ್ಕಳು ಇರ್ತಾರ.”

ಅಪ್ಪ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನು. ಗಿರಣಿಯ ಮೋಟಾರು ಸುಟ್ಟಾಗ ರಿಪೇರಿಗೆ ಬರುತ್ತಿದ್ದ ಮಿಸ್ತ್ರಿಯ ಪಕ್ಕದಲ್ಲಿ ನಿಂತು, ಊಟದ ಬಿಡುವಿನಲ್ಲಿ ನೋಡಿ ನೋಡಿಯೇ ಕೆಲಸ ಕಲಿತ. ನಮ್ಮ ಜನರಲ್ಲಿ ಹೆಸರು ಬರೆಸಿ ಬೋರ್ಡು ಹಾಕಿದ ಮೊದಲ ಅಂಗಡಿ ಅವನದು. ನಮ್ಮ ಓಣಿಯಲ್ಲಿ ನೀರು ಮುಟ್ಟದವರೂ ಮೋಟಾರು ಸುಟ್ಟರೆ ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದರು. ಬೇರೆಯವರ ಕೈ ತಪ್ಪಿದರೆ ಮಂದಿ ಮೋಟಾರಿಗೆ ಬೈಯುತ್ತಾರೆ, ನಮ್ಮ ಕೈ ತಪ್ಪಿದರೆ ನಮ್ಮ ಓಣಿಗೆ ಬೈಯುತ್ತಾರೆ ಎಂದು ಅವನು ಹೇಳುತ್ತಿದ್ದ. ಅದು ನಿಜವೇ. ಆ ನಿಜವನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಅಪ್ಪನ ಬೆರಳು ದಪ್ಪ. ಕೂದಲೆಳೆಯಂಥ ತಂತಿ ಅವನ ಕೈಯಲ್ಲಿ ತುಂಡಾಗುತ್ತಿತ್ತು. ಹಾಗಾಗಿ ಎಂಟನೇ ವಯಸ್ಸಿಗೇ ಸಣ್ಣ ತಂತಿಯ ಕೆಲಸ ನನ್ನ ಪಾಲಿಗೆ ಬಂತು. ಸುತ್ತು ಎಣಿಸುವಾಗ ನನ್ನನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಅವ್ವ ಊಟಕ್ಕೆ ಕರೆಯಬೇಕಾದರೂ ಎದುರಿಗೆ ಬಂದು ತಟ್ಟೆ ತೋರಿಸಿ ಹೋಗುತ್ತಿದ್ದಳು. ಶಾಲೆಯಲ್ಲಿ ನಾನು ಲೆಕ್ಕದಲ್ಲಿ ಅಂಥ ಜಾಣೆಯೇನಲ್ಲ, ಆದರೆ ಎಣಿಕೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ. ಅವರ ಪಾಲಿಗೆ ಎಲ್ಲ ಹುಲಿಗೆಪ್ಪನ ಕೈ. ನನಗೆ ಅದರಿಂದ ಬೇಜಾರೂ ಇರಲಿಲ್ಲ. ಅಪ್ಪನ ಕೈಯೊಳಗೆ ನನ್ನ ಕೈ ಇದೆ ಎಂಬುದು ನಮ್ಮಿಬ್ಬರ ಗುಟ್ಟು, ಗುಟ್ಟಿನಲ್ಲಿ ಒಂದು ಸುಖ ಇತ್ತು.

ಒಂಬತ್ತನೇ ಇಯತ್ತೆಯಲ್ಲಿ ಶಾಲೆಯ ಕಪಾಟಿನಲ್ಲಿ ರಟ್ಟು ಹರಿದ ಒಂದು ವಿಜ್ಞಾನದ ಪುಸ್ತಕ ಸಿಕ್ಕಿತು. ಅದರಲ್ಲಿ ಒಂದು ಚಿತ್ರ. ನೆಟ್ಟಗೆ ನಿಲ್ಲಿಸಿದ ಕೊಳವೆಗೆ ತಂತಿ ಸುತ್ತಿದ್ದಾರೆ, ಅದರ ನೆತ್ತಿಯಿಂದ ಮಿಂಚು ಬರಿ ಗಾಳಿಗೆ ಚಾಚಿದೆ. ಟೆಸ್ಲಾ ಕಾಯಿಲ್ ಎಂದು ಕೆಳಗೆ ಬರೆದಿತ್ತು. ಮೇಷ್ಟ್ರನ್ನು ಕೇಳಿದೆ, ಪರೀಕ್ಷೆಗೆ ಬರಲ್ಲ ಅಂದರು. ಅಪ್ಪನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಇದೂ ಒಂದು ವೈಂಡಿಂಗೇ ಅಲ್ಲೇನು, ಸುತ್ತೋಣ ತಾ ಅಂದ. ಆ ಒಂದು ಮಾತಿಗೆ ನಾನು ಅಪ್ಪನನ್ನು ಎಷ್ಟು ಪ್ರೀತಿಸಿದೆ ಎಂದು ಹೇಳಲು ಬರುವುದಿಲ್ಲ.

ರಾಯಚೂರಿನಿಂದ ಖಾಜಾ ಚಾಚಾ ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಲಾಡ್ಜು, ಟಾಕೀಸುಗಳಿಗೆ ಬಣ್ಣದ ನಿಯಾನ್ ಬೋರ್ಡು ಮಾಡಿಕೊಡುವವರು. ಆ ಬೋರ್ಡು ಹೊತ್ತಿಸುವ ಟ್ರಾನ್ಸ್‌ಫಾರ್ಮರು ಸುಟ್ಟರೆ ಅಪ್ಪನೇ ಕಟ್ಟಿಕೊಡಬೇಕು. ಸಣ್ಣ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸುವ ಪೆಟ್ಟಿಗೆ ಅದು. ನನ್ನ ಚಿತ್ರ ನೋಡಿ ಚಾಚಾ ಹಳೆಯದೊಂದನ್ನು ಸುಮ್ಮನೆ ಕೊಟ್ಟರು. ಅದನ್ನು ಒಂದು ಫೇಸಿಗೆ ಕಟ್ಟಿ ಮೊದಲ ಸಲ ನೋಡಿದಾಗ, ಸಣ್ಣ ಪೈಪಿಗೆ ನಾವು ಸುತ್ತಿದ್ದ ಮೊದಲ ಕಾಯಿಲಿನ ನೆತ್ತಿಯಲ್ಲಿ ಬೆರಳುದ್ದದ ನೇರಳೆ ಕಿಡಿ ಕೆಮ್ಮಿತು. ಕೆಮ್ಮಿತು ಅನ್ನುವುದೇ ಸರಿ, ಬಿಟ್ಟು ಬಿಟ್ಟು ಬರುತ್ತಿತ್ತು. ನನಗೆ ನಿರಾಸೆ. ಅಪ್ಪ ಅವತ್ತು ಅಡುಗೆಮನೆಯ ಹೊರಗೆ ಖಾರ ಕುಟ್ಟುತ್ತಿದ್ದ ಅವ್ವನನ್ನೂ ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ತೋರಿಸಿದ. ಒಂದೇ ಒರಳು, ಮೂರು ಒನಕೆ.

“ನೋಡು, ನಿಮ್ಮವ್ವ ಒಬ್ಬಾಕೀನೇ ಕುಟ್ಟಿದ್ರ ಒನಕಿ ಮ್ಯಾಲ ಹೋದಾಗ ಒರಳು ಖಾಲಿ. ಮೂರು ಮಂದಿ ಕುಟ್ಟಿದ್ರ ಒಬ್ಬಾಕೀದು ಏರೂದ್ರಾಗ ಇನ್ನೊಬ್ಬಾಕೀದು ಬೀಳ್ತದ. ಒರಳಿಗೆ ಬಿಡುವೇ ಇಲ್ಲ. ಮೂರು ಫೇಸ್ ಅಂದ್ರ ಇಷ್ಟ.”

ಹೀಗೆ ನಮ್ಮ ಕಾಯಿಲಿಗೆ ಮೂರು ಟ್ರಾನ್ಸ್‌ಫಾರ್ಮರು ಬಂದವು, ಫೇಸಿಗೊಂದು. ಮೂರರ ಕರೆಂಟನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಒಂದೇ ಕಡೆ ಕೂಡಿಸಲು ಬೇಕಾದ ಡಯೋಡುಗಳನ್ನು ಚಾಚಾ ಹೈದರಾಬಾದಿನಿಂದ ತಂದರು. ಕೂಡಿದ ಕರೆಂಟನ್ನು ಹಿಡಿದಿಡಲು ಗಾಜಿನ ಬಾಟಲಿಗಳಲ್ಲಿ ಉಪ್ಪುನೀರು ತುಂಬಿ ಸಾಲಾಗಿ ನಿಲ್ಲಿಸಬೇಕಿತ್ತು. ದಪ್ಪ ಗಾಜಿನ ಬಾಟಲಿ ಬೇಕೆಂದರೆ ಬೀರಿನದ್ದೇ. ಬುದ್ಧನ ಫೋಟೋ ಇರುವ ಮನೆಯಲ್ಲಿ ಹದಿನಾರು ಬೀರು ಬಾಟಲಿ ನೋಡಿ ಅವ್ವ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಕಾಯಿಲಿನ ನೆತ್ತಿಗೆ ಅವಳ ಎರಡು ಸ್ಟೀಲ್ ಬೋಗುಣಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಇಟ್ಟಾಗ ನನ್ನ ಜೊತೆಗೂ ಬಿಟ್ಟಳು. ನಾವಿಬ್ಬರು ನಡುಮನೆಯಲ್ಲಿ ಕೂತು ಪುಂಡಿಪಲ್ಯ ರೊಟ್ಟಿ ತಿನ್ನುತ್ತ ಕಣ್ಣಲ್ಲೇ ನಗುತ್ತಿದ್ದೆವು.

ದೊಡ್ಡ ಕಾಯಿಲಿಗೆಂದು ಎದೆಯೆತ್ತರದ ಪ್ಲಾಸ್ಟಿಕ್ ಪೈಪಿಗೆ ಕೂದಲೆಳೆಯ ತಂತಿ, ಒಂದರ ಪಕ್ಕ ಒಂದು, ಒಂದರ ಮೇಲೊಂದು ಏರದಂತೆ. ಹತ್ತನೇ ಇಯತ್ತೆ ಪರೀಕ್ಷೆ ಮುಗಿಸಿದ ರಜೆಯಲ್ಲಿ ಒಂಬತ್ತು ದಿನ ಕೂತು ಸುತ್ತಿದೆ. ಆರನೇ ದಿನ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದು ಇನ್ನೂರು ಸುತ್ತು ಮುಂದೆ ಹೋದ ಮೇಲೆ ಕಂಡಿತು. ಯಾರೂ ನೋಡಿರಲಿಲ್ಲ. ವಾರ್ನಿಷ್ ಬಳಿದರೆ ಮುಚ್ಚಿಹೋಗುತ್ತಿತ್ತು. ನಾನು ಇನ್ನೂರೂ ಬಿಚ್ಚಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದನೆಂದು ತಿರುಗಿದಾಗಲೇ ಗೊತ್ತಾಗಿದ್ದು. ಅವತ್ತು ಊಟಕ್ಕೆ ಕೂತಾಗ ಮಾತು ತೆಗೆದ.

“ಇದು ಮೂರೂ ಫೇಸಿನ ಮ್ಯಾಲ ಮಂದಿ ಎದುರಿಗೆ ಓಡ್ಲಿ. ರಾಯಚೂರು ಪಾಲಿಟೆಕ್ನಿಕ್ಕಿನ ಫಾರ್ಮಿಗೆ ನಾನೇ ಸೈನ್ ಮಾಡ್ತೀನಿ. ಎಲೆಕ್ಟ್ರಿಕಲ್.”

“ಹೆಣ್ಣ್ ಹುಡುಗೀನ ಕರೆಂಟಿನ ಕಾಲೇಜಿಗಿ?” ಅವ್ವ ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದಳು.

“ಯಾಕ? ಮುಟ್ಟಿದವರು ಯಾರಂತ ಕರೆಂಟ್ ಕೇಳ್ತದೇನು?”

ಇಷ್ಟು ದೊಡ್ಡ ಮಾತನ್ನು ಅಪ್ಪ ಆಡಿದ್ದ. ಅವನ ಬಾಯಿಂದ ಬಂದ ಮಾತೆಂದರೆ ನನಗೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಮರುದಿನವೇ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದೆ, ರಾಯಚೂರಿಗೆ ದಿನಾ ಬಸ್ಸಿನಲ್ಲಿ ಹೋಗಬೇಕೋ ಹಾಸ್ಟೆಲಿನಲ್ಲಿ ಇರಬೇಕೋ ಎಂದು ಅವ್ವನ ಹತ್ತಿರ ಜಗಳವನ್ನೂ ಶುರುಮಾಡಿದೆ.

ಮಂದಿ ಎಂದರೆ ಯಾರು ಎಂಬುದನ್ನು ಅಪ್ಪನೇ ನಿರ್ಧರಿಸಿದ. ಖಾಜಾ ಚಾಚಾ, ಮತ್ತೆ ದೇವದುರ್ಗದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಗೌಡರು. ಗೌಡರ ಫ್ಯಾಕ್ಟರಿಯ ಮೋಟಾರುಗಳ ರಿಪೇರಿಯನ್ನೆಲ್ಲ ಹಿಡಿಯಬೇಕೆಂದು ಅಪ್ಪ ವರ್ಷದಿಂದ ಕಾಯುತ್ತಿದ್ದ. ಮಾನ್ವಿಗೆ ಯಾವುದೋ ಕೆಲಸಕ್ಕೆ ಬಂದವರನ್ನು ಒಂದು ಸಂಜೆ ಅಂಗಡಿಗೆ ಕರೆದ. ಅವರು ಬಂದರು. ಒಳಗೆ ಬಂದು, ಬಾಡಿಗೆಗೆ ತಂದಿಟ್ಟ ಕುರ್ಚಿಯ ಮೇಲೆ ಕೂತರು. ಅವ್ವ ಚಹಾಕ್ಕೆ ಏಲಕ್ಕಿ ಕುಟ್ಟಿದಳು. ಶಟರ್ ಅರ್ಧ ಇಳಿಸಿ ಅಂಗಡಿಯನ್ನು ಕತ್ತಲು ಮಾಡಿದೆವು. ನಾನು ಸ್ವಿಚ್ಚಿನ ಹತ್ತಿರ, ಅಪ್ಪ ಫ್ಯೂಸಿನ ಹಲಗೆಯ ಹತ್ತಿರ.

ಸ್ವಿಚ್ ಒತ್ತಿದೆ. ಈ ಸಲ ಕೆಮ್ಮಲಿಲ್ಲ. ಬೋಗುಣಿಯ ಅಂಚಿನಿಂದ ಎರಡು ಗೇಣುದ್ದದ ಮಿಂಚು ಹೊರಟು, ಎಲ್ಲೂ ಬಿಡುವು ಕೊಡದೆ, ಗಾಳಿಯನ್ನು ಸೀಳುತ್ತ ನಿಂತಿತು. ಚಾಚಾ ದೂರದಲ್ಲಿ ಒಂದು ಟ್ಯೂಬ್‌ಲೈಟನ್ನು ಬರಿಗೈಯಲ್ಲಿ ಎತ್ತಿ ಹಿಡಿದರು. ತಂತಿಯೇ ಇಲ್ಲದೆ ಅದು ಹೊತ್ತಿತು. ಗೌಡರು ಬಾಯಲ್ಲಿ ಎಲೆಯಡಿಕೆ ಇದ್ದುದನ್ನೂ ಮರೆತರು.

“ಯಾರ್ ಮಾಡ್ಯಾರಿದನ್ನ, ಹುಲಿಗೆಪ್ಪ?”

“ನನ್ನ ಮಗಳ್ರಿ ಗೌಡ್ರ. ಪೂರಾ ಸುತ್ತಿದಾಕಿ ಇಕೀನ.”

ಗಿರಾಕಿಯೊಬ್ಬನ ಎದುರಿಗೆ ಅಪ್ಪ ನನ್ನ ಕೆಲಸವನ್ನು ನನ್ನದೆಂದು ಹೇಳಿದ್ದು ಅದೇ ಮೊದಲು. ಅದೇ ಕೊನೆ. ಅವನ ದನಿಯಲ್ಲಿ ಅವತ್ತು ಇದ್ದ ಹೆಮ್ಮೆ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ನನಗೆ ಮುಂದಿನದನ್ನು ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಮೂರ್ನಾಲ್ಕು ನಿಮಿಷ ಓಡಿರಬೇಕು, ಮಿಂಚು ಕುಗ್ಗಿ ಕೆಮ್ಮತೊಡಗಿತು. ನೀಲಿ ಫೇಸು ಹೋಗಿತ್ತು. ಓಣಿಯಲ್ಲಿ ಅರ್ಧ ಮನೆಗಳವರು ಕರೆಂಟು ಹೋಯಿತೆಂದು ಕೂಗಿದರು. ಗೌಡರು ಎಲೆಯಡಿಕೆ ಉಗುಳಲು ಹೊರಗೆ ಎದ್ದುಹೋದರು, ಚಾಚಾ ಬೀಡಿ ಹಚ್ಚಿಕೊಂಡು ಅವರ ಹಿಂದೆ ಹೋದರು. ನಾನು ಸ್ವಿಚ್ ಆರಿಸಿದೆ. ಅಂಗಡಿಯಲ್ಲಿ ಉಳಿದವರು ಅಪ್ಪ, ನಾನು, ಮತ್ತೆ ನಡುಮನೆಯ ಬಾಗಿಲಲ್ಲಿ, ಹಲಗೆಯ ಪಕ್ಕದಲ್ಲೇ, ಚಹಾದ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದ ಅವ್ವ.

“ಯಪ್ಪಾ, ಲೈನ್‌ಮನ್ ಹಾಕ್ತಾನ ತಡಿ. ಜಂಪರ್ ಹಾಕಿದ್ರ ನೀಲಿ ಬರೂದಿಲ್ಲ, ಕೆಂಪೇ ಎರಡು ಸಲ ಬರ್ತದ. ಇಬ್ಬರು ಕೂಡೇ ಒನಕಿ ಎತ್ತಿದಂಗ.”

“ಗೌಡ್ರು ಹೊಂಟಾರ. ಅವರಿಗೆ ಅದೆಲ್ಲ ಏನ್ ತಿಳೀತದ? ಕಿಡಿ ದೊಡ್ಡದು ಕಂಡ್ರ ಸಾಕು.”

ಅವನು ಹಲಗೆಯ ಪಕ್ಕದ ಮೊಳೆಗೆ ತೂಗುಹಾಕಿದ್ದ ಜಂಪರ್ ತೆಗೆದು ಸಿಕ್ಕಿಸಿದ. ಸಿಕ್ಕಿಸಿದ ಕ್ಷಣಕ್ಕೆ ಪಕ್ಕದ ಮನೆಯ ರೇಡಿಯೋ ಹಾಡತೊಡಗಿತು. ಓಣಿಯವರು ಕರೆಂಟ್ ಬಂತು ಎಂದು ಕೂಗಿದರು. ಫ್ಯೂಸು ಕಿತ್ತಿದ್ದರೆ ನಮ್ಮ ಜಂಪರಿನಿಂದ ಪಕ್ಕದ ಮನೆಯ ರೇಡಿಯೋ ಹಾಡುವುದಿಲ್ಲ.

“ಯಪ್ಪಾ, ಫ್ಯೂಸ್ ಕಿತ್ತೀಯೇನು?”

“ಕಿತ್ತೀನಿ. ನೀ ಒತ್ತು.”

ನಾನು ಒತ್ತಿದೆ. ರೇಡಿಯೋ ಕೇಳಿಸುತ್ತಿದ್ದರೂ ಒತ್ತಿದೆ. ನಿಜವಾದ ನೀಲಿಯೇ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಫಾರ್ಮು, ಸೈನು, ಪಾಲಿಟೆಕ್ನಿಕ್ಕು ಎಲ್ಲ ಆ ಸ್ವಿಚ್ಚಿನ ಕೆಳಗೇ ಇತ್ತು. ಅಷ್ಟು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಅಪ್ಪ ನನ್ನ ತಲೆಗೆ ಕಟ್ಟಿದ್ದು ಅದನ್ನಲ್ಲ.

ಗೌಡರೂ ಚಾಚಾನೂ ಒಳಗೆ ಬಂದರು. ಕಿಡಿ ದೊಡ್ಡದಾಗಿಯೇ ಇತ್ತು, ಬಿಟ್ಟು ಬಿಟ್ಟು ಗುದ್ದುತ್ತಿತ್ತು. ಗೌಡರು ತಲೆದೂಗಿದರು. ಅಷ್ಟರಲ್ಲಿ ಹಲಗೆಯ ಮೇಲೆ ಢಮ್ಮೆಂದು ಬೆಂಕಿಯ ಉಂಡೆಯೊಂದು ಒಡೆದು, ಎಲ್ಲ ಕತ್ತಲಾಯಿತು. ಪಿಂಗಾಣಿಯ ಚೂರು ಕೋಣೆಯ ತುಂಬ ಚೆಲ್ಲಿತು. ಶಟರ್ ಎತ್ತಿ ನೋಡಿದರೆ ಹಲಗೆ ಕರ್ರಗೆ ಸುಟ್ಟಿತ್ತು. ಜಂಪರಿನ ಎರಡೂ ತುದಿ ಕರಗಿ ಅಲ್ಲೇ ಅಂಟಿಕೊಂಡಿದ್ದವು. ಓಣಿಯ ತುದಿಯ ಟಿಸಿಯಲ್ಲಿ, ಅಂದರೆ ಇಡೀ ಓಣಿಗೆ ಕರೆಂಟು ಕೊಡುವ ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ, ಲೈನ್‌ಮನ್ ಹೋದ ಫ್ಯೂಸನ್ನು ಹಾಕಲು ಹೋಗಿದ್ದ. ಸತ್ತ ಲೈನು ಎಂದುಕೊಂಡು ಅವನು ಹಾಕುವಾಗ ನಮ್ಮ ಕೆಂಪು ಕರೆಂಟು ಹಿಂದಿನಿಂದ ಬಂದು ಅಲ್ಲಿ ಕಾಯುತ್ತಿತ್ತು. ಐದು ನಿಮಿಷಕ್ಕೆ ಅವನು ನಮ್ಮ ಅಂಗಡಿಯ ಎದುರಿಗೆ ಬಂದು ನಿಂತ. ಹೆಸರು ಅಮರೇಶ. ಬಲಗೈಗೆ ಟವೆಲ್ಲು ಸುತ್ತಿತ್ತು, ಹುಬ್ಬು ಸುಟ್ಟ ವಾಸನೆ ಬರುತ್ತಿತ್ತು.

“ಯಾವ ಮಗ ಜಂಪರ್ ಹಾಕ್ಯಾನ? ಹೊರಗ ಬರ್ರಿ! ನಾ ಬದಕಿದ್ದೇ ಪುಣ್ಯಾ. ಫ್ಯೂಸ್ ಕೀಳಲಾರ್ದ ಜಂಪರ್ ಹಾಕ್ತೀರೇನ್ರಿ ನೀವು?”

ಅಪ್ಪ ಸುಟ್ಟ ಹಲಗೆಯ ಎದುರಿಗೆ ನಿಂತಿದ್ದ. ಅಮರೇಶನ ಕೈ ನೋಡಿದ. ಕುರ್ಚಿಯಿಂದ ಎದ್ದ ಗೌಡರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಅವನಿಗಾಗಿ ಎಷ್ಟು ಮರುಗಿದೆ ಎಂದರೆ, ಅವನು ತಪ್ಪೊಪ್ಪಿಕೊಂಡ ಕೂಡಲೇ ಹೋಗಿ ಪಕ್ಕದಲ್ಲಿ ನಿಲ್ಲಬೇಕೆಂದು ಒಂದು ಹೆಜ್ಜೆ ಮುಂದಿಟ್ಟಿದ್ದೆ ಕೂಡ.

“ಹುಡುಗಿ ಹಾಕ್ಯಾಳಪ್ಪಾ. ನಾ ಶಟರ್ ಕಡಿ ಮುಖ ಮಾಡಿ ಗೌಡ್ರ ದಾರಿ ನೋಡಾಕತ್ತಿದ್ದೆ, ಇತ್ತ ನೋಡ್ಲಿಲ್ಲ. ಫ್ಯೂಸ್ ಕೀಳು ಫ್ಯೂಸ್ ಕೀಳು ಅಂತ ಎಷ್ಟ್ ಬಡಕೊಂಡ್ರೂ ಮರತಾಳ.”

ನಾನು ಮುಂದಿಟ್ಟ ಹೆಜ್ಜೆ ಅಲ್ಲೇ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನೊಂದು ಗಳಿಗೆಯಲ್ಲಿ ಅಪ್ಪ ಇಲ್ಲ ಇಲ್ಲ ನಾನೇ ಅನ್ನುತ್ತಾನೆ ಎಂದು ಕಾಯುತ್ತಿದ್ದೆ. ಮಾತಾಡಿದ್ದು ಖಾಜಾ ಚಾಚಾ.

“ಭಾಭಿ, ನೀವು ಇಲ್ಲೇ ಬೋರ್ಡಿನ ಬಾಜೂಕ ನಿಂತಿದ್ರಲ್ಲ? ಈ ಬೇಟಿ ಫ್ಯೂಸ್ ಮರಿಯೋ ಹುಡುಗಿ ಅಲ್ರೀ.”

ಅವ್ವನ ಕೈಯಲ್ಲಿ ತಟ್ಟೆ ಇನ್ನೂ ಇತ್ತು. ಕಪ್ಪುಗಳ ಚಹಾದ ಮೇಲೆ ಕೆನೆ ಕಟ್ಟಿತ್ತು.

“ನಾ ಒಳಗ ಚಹಾ ಸೋಸಾಕತ್ತಿದ್ದೆ ಅಣ್ಣಾ. ನೋಡಿಲ್ಲ.”

ಅಮರೇಶನ ಸಿಟ್ಟು ನನ್ನನ್ನು ನೋಡಿದ ಮೇಲೆ ಇಳಿದುಹೋಯಿತು. ಎರಡು ಜಡೆಯ ಹುಡುಗಿಯ ಮೇಲೆ ಅವನು ಏನೆಂದು ಕಂಪ್ಲೇಂಟು ಬರೆಯಬೇಕು? ಇಂಥವರ ಕೈಗೆ ಬೋರ್ಡ್ ಕೊಡ್ತಾರೇನು ಹುಲಿಗೆಪ್ಪಣ್ಣಾ, ನೀ ತಿಳಿದಂವ ಎಂದು ಗೊಣಗಿ, ಹುಡುಗಿ ಅದ ಅಂತ ಬಿಟ್ಟೀನಿ ಅಂದ. ಅಪ್ಪನ ಲೆಕ್ಕ ಸರಿಯಾಗಿತ್ತು. ಜಂಪರ್ ಹಾಕಿದವನು ತಾನೇ ಎಂದು ಅಪ್ಪ ಒಪ್ಪಿಕೊಂಡಿದ್ದರೆ ಕರೆಂಟ್ ಆಫೀಸಿನವರು ಬಂದು ಕನೆಕ್ಷನ್ ಕಿತ್ತು, ಅಂಗಡಿಗೆ ಬೀಗ ಬೀಳುತ್ತಿತ್ತು. ಗೌಡರು ಹೊರಡುವಾಗ ಅಪ್ಪನ ಭುಜ ತಟ್ಟಿದರು.

“ಹೆಣ್ಣ್ ಹುಡುಗ್ರನ್ನ ಇಂಥದ್ರಾಗ ಬಿಡಬಾರ್ದು ನೋಡು. ನಿನ್ನ ಕೆಲಸ ನನಗ ಗೊತ್ತದ. ಸೋಮವಾರ ಮೋಟಾರ್ ಕಳಸ್ತೀನಿ.”

ಮರುದಿನ ಅಪ್ಪ ಬ್ರೆಡ್ಡು, ಬಾಳೆಹಣ್ಣು ಕಟ್ಟಿಸಿಕೊಂಡು ನನ್ನನ್ನು ಅಮರೇಶನ ಮನೆಗೆ ಕರೆದೊಯ್ದ. ಬ್ಯಾಂಡೇಜಿನ ಕೈಯ ಎದುರಿಗೆ ನಿಂತು ತಪ್ಪಾತ್ರಿ ಕಾಕಾ ಅಂದೆ. ಕೈ ನೋಡಿ ನಿಜವಾಗಿಯೂ ಅಳು ಬಂತು, ಅದನ್ನು ನೋಡಿ ಎಲ್ಲರಿಗೂ ನಾನೇ ಮಾಡಿದ್ದೆಂದು ಇನ್ನಷ್ಟು ಖಾತ್ರಿಯಾಯಿತು. ಬರುವಾಗ ದಾರಿಯಲ್ಲಿ ಅಪ್ಪ ಮಿರ್ಚಿ ಭಜಿ ಕೊಡಿಸಿದ. ತಿಂದೆ. ಹಸಿವಾಗಿತ್ತು.

ಅವ್ವನನ್ನು ಮಾತ್ರ ನಾನು ಬಿಡಲಿಲ್ಲ. ಅವಳು ರೊಟ್ಟಿ ಬಡಿಯುವಾಗ ಎದುರಿಗೆ ಕೂತೆ.

“ನೀ ನೋಡಿದ್ದಿ. ನಾ ಕೇಳಿದ್ದು, ಅಂವ ಕಿತ್ತೀನಿ ಅಂದಿದ್ದು, ಎರಡೂ ಕೇಳಿಸಿಕೊಂಡಿದ್ದಿ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಕೇಳೀನಿ. ಏನ್ ಮಾಡ್ಲಿ? ನೀ ನಾಳಿ ಕೊಟ್ಟ ಮನಿಗಿ ಹೋಗಾಕಿ. ನಾವು ಇದೇ ಅಂಗಡ್ಯಾಗ ಉಣಬೇಕು.”

ಇದಕ್ಕಿಂತ ಅವಳು ಹೊಡೆದಿದ್ದರೆ ಚೆನ್ನಾಗಿತ್ತು. ಆ ಮನೆಯಲ್ಲಿ ನಾನು ಇಷ್ಟು ದಿನ ಉಳಿದುಕೊಂಡ ಅತಿಥಿ ಎಂದು ನನಗೆ ಯಾರೂ ಅಲ್ಲಿಯ ತನಕ ಹೇಳಿರಲಿಲ್ಲ. ಅಪ್ಪ ಹೆದರಿ ಸುಳ್ಳು ಹೇಳಿದ್ದ, ಅದನ್ನು ಹೇಗೋ ನುಂಗಬಹುದಿತ್ತು. ಅವ್ವ ಹೆದರಿರಲಿಲ್ಲ. ತಣ್ಣಗೆ ಲೆಕ್ಕ ಹಾಕಿ ನನ್ನನ್ನು ಕಳೆದಿದ್ದಳು.

ಆದರೂ ನನಗೆ ಒಂದು ಆಸೆ ಉಳಿದಿತ್ತು. ಫಾರ್ಮು ಕೊಡುವ ಕೊನೆಯ ದಿನದ ಹಿಂದಿನ ಮಧ್ಯಾಹ್ನ ಅದನ್ನೂ ಪೆನ್ನನ್ನೂ ಅಪ್ಪನ ಎದುರಿಗಿಟ್ಟೆ. ಕಾಯಿಲು ಓಡಿತ್ತು. ಮೂರೂ ಫೇಸಿನ ಮೇಲೆ, ಮಂದಿಯ ಎದುರಿಗೆ ಓಡಿತ್ತು. ಮಾತಿನ ಪ್ರಕಾರ ನಾನು ಗೆದ್ದಿದ್ದೆ.

“ಯಪ್ಪಾ, ನಾ ಯಾರ್ ಮುಂದೂ ಹೇಳಂಗಿಲ್ಲ. ಜಂಪರ್ ನಾನೇ ಹಾಕೀನಿ ಅಂತ ಸಾಯೋತನ ಅಂತೀನಿ. ನೀ ಸೈನ್ ಮಾಡು.”

ಅವನು ಒಂದೊಂದೇ ಅಕ್ಷರ ಕೂಡಿಸಿ ಫಾರ್ಮನ್ನು ಪೂರ್ತಿ ಓದಿದ. ಓದಿ ಕೆಳಗಿಟ್ಟ.

“ಲೈನ್‌ಮನ್ ಕೈ ಸುಟ್ಟ ಹುಡುಗೀನ ಕರೆಂಟ್ ಓದಾಕ ಕಳಿಸ್ಯಾನ ಅಂದ್ರ ಮಂದಿ ಏನಂತಾರ? ಹಂಗಾರ ತಪ್ಪು ಆಕೀದು ಇದ್ದಿದ್ದಿಲ್ಲ ಅಂತಾರ.”

“ಇದ್ದಿದ್ದಿಲ್ಲಲ್ಲ.”

“ಇಲ್ಲ,” ಎಂದ ಅಪ್ಪ, ನೆಲ ನೋಡುತ್ತ. ಆಮೇಲೆ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿತ್ತ. “ಟೀಚರ್ ಟ್ರೇನಿಂಗಿನ ಫಾರ್ಮ್ ತಾ. ಈಗಿಂದೀಗ ಸೈನ್ ಮಾಡ್ತೀನಿ.”

ಅದಕ್ಕೆ ಅವನು ಸೈನ್ ಮಾಡಿದ. ರಾಯಚೂರಿಗೇ ಹೋದೆ. ದಿನಾ ಬಸ್ಸಿನಲ್ಲಿ ಪಾಲಿಟೆಕ್ನಿಕ್ಕಿನ ಗೇಟು ದಾಟಿ ಟ್ರೇನಿಂಗ್ ಕಾಲೇಜಿಗೆ ಹೋಗುತ್ತಿದ್ದೆ, ಆ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ. ಈಗ ನಾನು ಪಾಠ ಮಾಡುವ ಶಾಲೆಯಲ್ಲಿ ಮಕ್ಕಳು ಆನ್‌ಲೈನಿನಲ್ಲಿ ತರಿಸಿದ ಅಂಗೈಯಗಲದ ಟೆಸ್ಲಾ ಕಾಯಿಲ್ ತಂದು ತೋರಿಸುತ್ತಾರೆ. ಇದು ಹೇಗೆ ಆಗ್ತದ್ರಿ ಟೀಚರ್ ಎಂದು ಕೇಳುತ್ತಾರೆ. ವಿಜ್ಞಾನದ ಸರ್‌ನ ಕೇಳಿ, ನನಗ ಗೊತ್ತಿಲ್ಲ ಎನ್ನುತ್ತೇನೆ. ಅಪ್ಪ ತೀರಿಕೊಂಡಾಗ ನಾನು ಅತ್ತೆ, ಮನಸಾರೆ ಅತ್ತೆ. ಕ್ಷಮಿಸಿದ್ದೀಯಾ ಎಂದು ಯಾರಾದರೂ ಕೇಳಿದರೆ ಇಲ್ಲ. ಅವನ ಬಡತನ, ಅವನ ಭಯ, ನಮ್ಮ ಓಣಿಯ ಹೆಸರು ಎಲ್ಲವನ್ನೂ ತಕ್ಕಡಿಗೆ ಹಾಕಿ ನೋಡಿದ್ದೇನೆ. ಆದರೂ ಇಲ್ಲ.

ಗೌಡರು ಹೇಳಿಹೋಗಿದ್ದ ಆ ಸೋಮವಾರದ್ದು ಒಂದು ಹೇಳಬೇಕು. ಗೌಡರ ಫ್ಯಾಕ್ಟರಿಯಿಂದ ದೊಡ್ಡ ಮೋಟಾರು ಬಂತು. ಮೂರು ಫೇಸಿನದು, ತುರ್ತಾಗಿ ಬೇಕು. ಅಪ್ಪ ಅದನ್ನು ಬಿಚ್ಚಿ, ಒಳಗಿನದು ಸಣ್ಣ ತಂತಿಯೆಂದು ನೋಡಿ, ನಡುಮನೆಯ ಬಾಗಿಲಲ್ಲಿ ಬಂದು ನಿಂತ. ಕೂರ್ತೀಯೇನು ಅಂತಲೂ ಕೇಳಲಿಲ್ಲ, ತಂತಿಯ ಉಂಡೆಯನ್ನು ನನ್ನ ಪಕ್ಕ ಇಟ್ಟು ಹೋದ. ನಾನು ಕೂತೆ. ಎರಡು ದಿನ ಕೂತೆ. ಒಂದು ಫೇಸಿನ ಒಂದು ಸುರುಳಿಯ ತುದಿಯನ್ನು ಅದಲುಬದಲು ಮಾಡಿದರೆ ಸಾಕು, ಮೋಟಾರು ಗುಂಯ್‌ಗುಟ್ಟಿ ಸುಟ್ಟುಹೋಗುತ್ತದೆ, ಅದರ ಜೊತೆಗೆ ಹುಲಿಗೆಪ್ಪನ ಹೆಸರೂ. ಆ ತುದಿಯನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಆಮೇಲೆ ಅದು ಎಲ್ಲಿ ಸೇರಬೇಕೋ ಅಲ್ಲಿಗೇ ಸೇರಿಸಿದೆ. ಅಪ್ಪನ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ತಪ್ಪು ಸುತ್ತುವುದು ನನ್ನ ಕೈಗೆ ಬರುತ್ತಿರಲಿಲ್ಲ, ಅಷ್ಟೇ.

ಗೌಡರು ತಾವೇ ಬಂದರು. ಮೋಟಾರು ಓಡಿಸಿ ನೋಡಿ, ಅದರ ಮೇಲೆ ಅಂಗೈ ಇಟ್ಟು, ಸದ್ದೇ ಇಲ್ಲವಲ್ಲ ಎಂದು ಬೆರಗಾದರು.

“ಕೈಗುಣ ಅಂದ್ರ ಇದು ಹುಲಿಗೆಪ್ಪ. ಫ್ಯಾಕ್ಟರಿ ಮೋಟಾರ್ ಎಲ್ಲಾ ಇನ್ಮ್ಯಾಲ ನಿನಗೇ.”

“ನಿಮ್ಮ ಆಶೀರ್ವಾದ್ರಿ,” ಎಂದ ಅಪ್ಪ.

ನಾನು ಅವರಿಗೆ ಚಹಾ ತಂದೆ. ಎರಡು ದಿನದ ತಂತಿಗೆ ಬೆರಳುಗಳೆಲ್ಲ ಸೀಳಿ, ಅರಿವೆಯ ಚೂರು ಸುತ್ತಿಕೊಂಡಿದ್ದೆ. ಗೌಡರು ಕಪ್ಪು ತೆಗೆದುಕೊಳ್ಳುತ್ತ ನನ್ನ ಕೈ ನೋಡಿದರು.

“ಇದೇನ್ ಬೇ, ಮತ್ತ ಏನ್ ಸುಟ್ಟಿ?” ಎಂದು ನಕ್ಕರು.

ಅಪ್ಪನೂ ಅವರ ಜೊತೆ ನಕ್ಕ.